ನರ್ಸಮ್ಮನ ಗಾಡಿಯ ಬ್ಯಾಟರಿ

ಬ್ಯಾಟರಿ ಅಂಗಡಿಯ ಯಜಮಾನನಿಗೆ ಬೀದಿಯವರು ಇಟ್ಟ ಹೆಸರು ಹೆಬ್ಬೆಟ್ಟು ಮೇಸ್ತ್ರಿ. ಹೊಸಬರು ಕೇಳಿದರೆ, ಪಾಪ, ಸಹಿ ಹಾಕಲೂ ಬಾರದ ಮನುಷ್ಯನಿರಬೇಕು ಅಂದುಕೊಳ್ಳುತ್ತಿದ್ದರು. ಅವನೋ ಬೆಳಗಿನ ಪೇಪರನ್ನು ಕೊನೆಯ ಪುಟದ ಜಾಹೀರಾತಿನ ತನಕ ಓದಿ, ಅಚ್ಚಿನ ತಪ್ಪುಗಳನ್ನು ಪೆನ್ನಿನಲ್ಲಿ ತಿದ್ದಿ ಪಕ್ಕದಂಗಡಿಗೆ ಕೊಡುವ ಆಸಾಮಿ. ಹೆಸರು ಬಂದದ್ದು ಬೇರೆ ಕಾರಣಕ್ಕೆ. ಬ್ಯಾಟರಿಯ ತಲೆಯ ಮೇಲೆ ಸೀಸದ ಎರಡು ಟರ್ಮಿನಲ್ ಇರುತ್ತವಲ್ಲ, ಅದರಲ್ಲಿ ಪ್ಲಸ್ ತುಸು ದಪ್ಪ, ಮೈನಸ್ ತುಸು ಸಣ್ಣ. ಯಾವುದು ಯಾವುದೆಂದು ಅವನು ಕಣ್ಣಿನಿಂದ ನೋಡುತ್ತಿರಲಿಲ್ಲ, ಹೆಬ್ಬೆಟ್ಟಿನಿಂದ ತಡವಿ ಹೇಳುತ್ತಿದ್ದ.

"ಗುರುತು ಅಳಿಸಿಹೋಗುತ್ತೆ, ಬಣ್ಣ ಯಾರ್ ಬೇಕಾದ್ರೂ ಬಳೀತಾರೆ. ಸೀಸ ಸುಳ್ಳು ಹೇಳಲ್ಲ," ಎಂದು ಮಗಳಿಗೆ ಕಲಿಸಿದ್ದ. ಅದರ ಬೆನ್ನಿಗೇ ಒಂದು ಜಂಬದ ಮಾತೂ ಇತ್ತು. "ಈ ಹೆಬ್ಬೆಟ್ಟು ಒಂದೇ ಒಂದ್ಸಲ ತಪ್ಪಿದ್ರೂ ಸರಿ, ಅವತ್ತೇ ಶಟರ್ ಎಳೆದು ಮನೆ ಸೇರ್ತೀನಿ." ಇಪ್ಪತ್ತು ವರ್ಷದಿಂದ ಅಂಗಡಿಯಲ್ಲಿ ಅಪ್ಪನ ಜೊತೆ ದುಡಿಯುತ್ತಿದ್ದ ಮಗಳು ಇದನ್ನು ಅದೆಷ್ಟು ಸಲ ಕೇಳಿದ್ದಳೆಂದರೆ, ಅವನು ಬಾಯಿ ತೆರೆಯುವ ಮೊದಲೇ ತಾನೇ ಹೇಳಿ ಮುಗಿಸುತ್ತಿದ್ದಳು.

ಬುಧವಾರ ಮಧ್ಯಾಹ್ನ ನರ್ಸಮ್ಮ ಫೋನ್ ಮಾಡಿದರು. ಅಂಗಡಿಯ ಫೋನಿಗಲ್ಲ, ಮಗಳ ಮೊಬೈಲಿಗೆ.

"ಒಂದ್ ಗಳಿಗೆ ಮನೆ ಹತ್ರ ಬಂದು ಹೋಗು ಮಗಳೇ. ನಿಮ್ಮಪ್ಪಂಗೆ ಹೇಳೋಕೆ ಹೋಗ್ಬೇಡ."

ನರ್ಸಮ್ಮ ಆಸ್ಪತ್ರೆಯಿಂದ ನಿವೃತ್ತರಾಗಿ ಹದಿನೈದು ವರ್ಷವಾಗಿತ್ತು. ಅವರ ಹಸಿರು ಕಾರು ಮಾತ್ರ ಇನ್ನೂ ಡ್ಯೂಟಿಯಲ್ಲಿತ್ತು. ವಯಸ್ಸಿನಲ್ಲಿ ಮಗಳಿಗಿಂತ ಎಷ್ಟೋ ಹಿರಿಯ ಗಾಡಿ, ಆರು ವೋಲ್ಟಿನದು. ಹತ್ತು ದಿನದ ಹಿಂದೆ ಅದರ ಹಳೆ ಬ್ಯಾಟರಿ ಕೈಕೊಟ್ಟಾಗ, ಹನ್ನೆರಡು ವೋಲ್ಟಿಗೆ ಬದಲಾಯಿಸಿಬಿಡೋಣ, ಎಲ್ಲ ಕಡೆ ಸಿಗುತ್ತೆ ಅಂತ ಮಗಳು ಬಾಯಿ ತಪ್ಪಿ ಅಂದುಬಿಟ್ಟಿದ್ದಳು. ಅಪ್ಪ ನೋಡಿದ ನೋಟಕ್ಕೆ ಮುಂದಿನ ಮಾತು ನುಂಗಿಕೊಂಡಳು. "ಆಮೇಲೆ ಬಲ್ಬು, ಹಾರ್ನು, ಡೈನಮೋ ಎಲ್ಲ ಬದಲಾಯಿಸ್ಬೇಕು. ಕೊನೇಗೆ ಹಳೇದು ಅಂತ ಉಳಿಯೋದೇನು, ಬಾಗಿಲಾ?" ನಾಲ್ಕು ಕಡೆ ಹೇಳಿಕಳಿಸಿ, ಸೀಟಿನ ಕೆಳಗಿನ ಬ್ಯಾಟರಿ ಗುಂಡಿಯನ್ನು ದಾರ ಹಿಡಿದು ಅಳೆದು, ಅದಕ್ಕೆ ಸರಿಯಾಗಿ ಕೂರುವ ಆರು ವೋಲ್ಟಿನದನ್ನೇ ತರಿಸಿದ. ಅವಸರಕ್ಕೆ ಬಿದ್ದರೆ ಒಳಗಿನ ಪ್ಲೇಟು ಬಾಗುತ್ತದೆ ಅಂತ ಎರಡು ದಿನ ನಿಧಾನಕ್ಕೆ ಚಾರ್ಜ್ ಮಾಡಿದ. ತಾನೇ ಹೊತ್ತುಕೊಂಡು ಹೋಗಿ ತಾನೇ ಕೂರಿಸಿ ಬಂದ. ಮಗಳನ್ನು ಜೊತೆಗೆ ಕರೆಯಲಿಲ್ಲ. ಕರೆಯದೆ ಇದ್ದದ್ದು ವಿಚಿತ್ರ ಅಂತ ಅವಳಿಗೆ ಆಗ ಹೊಳೆದಿರಲಿಲ್ಲ.

ನರ್ಸಮ್ಮ ಶೆಡ್ಡಿನಲ್ಲಿ ಸ್ಟೂಲ್ ಹಾಕಿಕೊಂಡು ಕಾಯುತ್ತಿದ್ದರು.

"ಸ್ಟಾರ್ಟ್ ಏನೋ ಆಗುತ್ತೆ. ಆದ್ರೆ ಲೈಟ್ ಹಾಕಿದ್ರೆ ಕರೆಂಟ್ ಖರ್ಚಾಗ್ಬೇಕು ತಾನೆ? ಮೀಟರಿನ ಮುಳ್ಳು ಜಮಾ ಆಗ್ತಿದೆ ಅಂತ ತೋರಿಸುತ್ತೆ. ನಿನ್ನೆ ರೋಡಿಗೆ ತಗೊಂಡು ಹೋದೆ, ಸುಟ್ಟ ವಾಸನೆ ಬಂತು, ವಾಪಸ್ ತಂದು ನಿಲ್ಲಿಸ್ಬಿಟ್ಟೆ. ನಲವತ್ತು ವರ್ಷದಿಂದ ಆ ಮುಳ್ಳು ನೋಡ್ಕೊಂಡೇ ಓಡಿಸ್ತಿದೀನಿ ಮಗಳೇ, ನಂಗೆ ಗೊತ್ತಾಗಲ್ವಾ."

ಮಗಳು ಸೀಟು ಎತ್ತಿ, ಹಲಗೆ ಸರಿಸಿ, ಟಾರ್ಚ್ ಬಿಟ್ಟಳು.

ಈಗಿನ ಕಾರುಗಳಲ್ಲಿ ಮೈನಸ್ಸನ್ನು ಗಾಡಿಯ ಕಬ್ಬಿಣಕ್ಕೆ, ಅಂದರೆ ಅರ್ತಿಗೆ ಕೊಡುತ್ತಾರೆ. ಈ ಗಾಡಿಯ ಲೆಕ್ಕ ತಿರುಗಾಮುರುಗಾ, ಇದರಲ್ಲಿ ಪ್ಲಸ್ಸೇ ಅರ್ತಿಗೆ ಹೋಗಬೇಕು. ಅಪ್ಪನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಆದರೆ ಅರ್ತಿನ ತಾಮ್ರದ ಪಟ್ಟಿ ಮೈನಸ್ ಮೇಲೆ ಕೂತಿತ್ತು. ವಯಸ್ಸಾಯಿತು, ಮರೆತಿರಬೇಕು ಅಂದುಕೊಳ್ಳುವಷ್ಟರಲ್ಲಿ ಅವಳ ಕಣ್ಣಿಗೆ ಇನ್ನೊಂದು ಬಿತ್ತು. ಆ ಪಟ್ಟಿಯ ಕ್ಲಾಂಪು ದಪ್ಪ ಟರ್ಮಿನಲ್ಲಿಗೆಂದು ಮಾಡಿದ್ದು. ಸಣ್ಣದರ ಮೇಲೆ ಅದು ಸಡಿಲವಾಗಿದ್ದರಿಂದ ಅಪ್ಪ ಸೀಸದ ತಗಡು ಸುತ್ತಿ ಬಿಗಿ ಮಾಡಿದ್ದ. ಇನ್ನೊಂದು ಕ್ಲಾಂಪು ಒಳಗೆ ಇಳಿಯದೆ ಇದ್ದದ್ದಕ್ಕೆ ಸ್ಕ್ರೂಡ್ರೈವರ್ ಹಾಕಿ ಬಾಯಿ ಅಗಲಿಸಿದ್ದ. ಬರೀ ಮರೆವಾಗಿದ್ದರೆ, ಒಂದು ಸಡಿಲ, ಒಂದು ಬಿಗಿ ಅಂತ ಕಂಡ ಕೂಡಲೇ ತಡವಿ ನೋಡಿ ನಾಲಗೆ ಕಚ್ಚಿಕೊಳ್ಳುತ್ತಿದ್ದ. ತಡವಿಯೂ ಅವನಿಗೆ ತಿಳಿದಿರಲಿಲ್ಲ.

ಅವಳು ಹಾಗೇ ನೆಲದ ಮೇಲೆ ಕೂತುಬಿಟ್ಟಳು. ತಿಂಗಳುಗಳಿಂದ ಅಪ್ಪ ಅಂಗಿಯ ಮೇಲಿನ ಗುಂಡಿ ಹಾಕುತ್ತಿರಲಿಲ್ಲ. ಸೆಖೆ ಅನ್ನುತ್ತಿದ್ದ. ಕುದಿಯುವ ಟೀ ಲೋಟವನ್ನು ಬರಿಗೈಯಲ್ಲಿ ಹಿಡಿದು ನಿಂತಾಗ, ನಿನ್ನ ಚರ್ಮ ಏನು ಟೈರಿನದಾ ಅಂತ ಅವಳೇ ನಕ್ಕಿದ್ದಳು. ಆ ನಗು ನೆನೆದು ಈಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಅಳುವೂ ಬಂತು, ತಡೆಯಲಿಲ್ಲ.

ನರ್ಸಮ್ಮ ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. "ಸಕ್ಕರೆ ಕಾಯಿಲೆ ಇರ್ಬೇಕು ನಿಮ್ಮಪ್ಪಂಗೆ. ಅದಿದ್ರೆ ಬೆರಳ ತುದಿ ಹೀಗೆ ಜಡ್ಡಾಗಿ ಏನು ಮುಟ್ಟಿದ್ರೂ ಗೊತ್ತಾಗಲ್ಲ. ಅವತ್ತು ಇಲ್ಲಿ ನಟ್ ಕೆಳಗೆ ಬಿತ್ತು. ಕೈಯಲ್ಲೇ ಇದೆ ಅಂದ್ಕೊಂಡು ತಿರುಗಿಸ್ತಾನೇ ಇದ್ದ ನಿಮ್ಮಪ್ಪ. ನಾನು ಕಂಡೂ ಕಾಣದ ಹಾಗೆ ಇದ್ದೆ."

ಮಗಳು ಕಣ್ಣೊರೆಸಿಕೊಂಡು ಕೆಲಸಕ್ಕೆ ಕೈ ಹಾಕಿದಳು. ತಗಡು ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಪಟ್ಟಿಯನ್ನು ಪ್ಲಸ್ಸಿಗೆ ಕೂರಿಸಿದಳು, ತಗಡಿಲ್ಲದೆಯೇ ಗಟ್ಟಿಯಾಗಿ ಕೂತಿತು. ಬಾಯಿ ಅಗಲಿಸಿದ್ದ ಕ್ಲಾಂಪನ್ನು ಇಕ್ಕಳದಿಂದ ಒತ್ತಿ ಮೊದಲಿನಂತೆ ಮಾಡಿ ಮೈನಸ್ಸಿಗೆ ಹಾಕಿದಳು. ಉಪ್ಪು ಕಟ್ಟದಿರಲೆಂದು ಎರಡಕ್ಕೂ ವ್ಯಾಸಲೀನ್ ಸವರಿದಳು. ಡೈನಮೋ ಕರೆಂಟನ್ನು ಬ್ಯಾಟರಿಗೆ ಬಿಡುವ, ತಡೆಯುವ ಕಟ್‌ಔಟ್ ಸ್ವಿಚ್ಚಿನ ಸುಟ್ಟ ತುದಿಗಳನ್ನು ನುಣ್ಣನೆಯ ಎಮರಿ ಕಾಗದದಿಂದ ಉಜ್ಜಿದಳು. ಕೊನೆಗೆ, ಉಲ್ಟಾ ಕರೆಂಟು ತಿಂದಿದ್ದ ಡೈನಮೋಗೆ ತನ್ನ ದಿಕ್ಕು ನೆನಪಾಗಲಿ ಅಂತ ಬ್ಯಾಟರಿಯಿಂದ ಒಂದು ತಂತಿ ತಂದು ಅದಕ್ಕೆ ಚಕ್ಕನೆ ತಾಗಿಸಿ ತೆಗೆದಳು. ಗಾಡಿ ಸ್ಟಾರ್ಟ್ ಮಾಡಿದಾಗ ಮುಳ್ಳು ಎತ್ತ ಹೋಗಬೇಕೋ ಅತ್ತಲೇ ಹೋಯಿತು.

"ಹೇಳ್ತೀಯಾ ಅಪ್ಪಂಗೆ?" ನರ್ಸಮ್ಮ ಕೇಳಿದರು.

"ಹೇಳಿದ್ರೆ ಶಟರ್ ಎಳೀತಾನೆ. ಅಂಗಡಿ ಬಿಟ್ರೆ ಅಪ್ಪಂಗೆ ಬೇರೇನೂ ಗೊತ್ತಿಲ್ಲ."

"ಹೇಳದೆ ಇದ್ರೆ? ಅಲ್ಲಿರೋದು ಆಸಿಡ್ಡು."

ಮಗಳು ಸಾಮಾನು ಎತ್ತಿಕೊಂಡು ಹೊರಟಳು. ದಾರಿಯುದ್ದಕ್ಕೂ ಅವಳು ಒಂದು ಸುಳ್ಳು ಹೊಸೆದಳು. ನರ್ಸಮ್ಮನ ಹಾರ್ನಿನ ವೈರು ಕಿತ್ತುಹೋಗಿತ್ತು, ಅಷ್ಟೇ. ಅಂಗಡಿ ತಲುಪುವಷ್ಟರಲ್ಲಿ ಅದು ನಿಜವೇ ಅನ್ನಿಸುವಷ್ಟು ಬಾಯಿಪಾಠವಾಗಿತ್ತು.

ಅಪ್ಪ ಚಾರ್ಜಿಗಿಟ್ಟ ಬ್ಯಾಟರಿಗಳ ಮುಂದೆ ಬಗ್ಗಿ ನಿಂತು ಒಂದೊಂದಕ್ಕೂ ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದ. ಎಡಗೈಗೆ ಮೂರು ದಿನದಿಂದ ಒಂದು ಬಟ್ಟೆ ಸುತ್ತಿಕೊಂಡಿದ್ದ. ಕೇಳಿದರೆ, ಗ್ರೀಸ್ ಅಂಟುತ್ತೆ, ಅದಕ್ಕೆ ಅನ್ನುತ್ತಿದ್ದ. ತಲೆ ಎತ್ತದೆಯೇ ಕೇಳಿದ, "ನರ್ಸಮ್ಮನ ಮನೆಗೆ ಹೋಗಿದ್ಯಾ?"

ಅವಳು ಹಾರ್ನಿನ ಮಾತೇ ಎತ್ತಲಿಲ್ಲ. ಜೇಬಿನಿಂದ ತಗಡು ತೆಗೆದು ಬೆಂಚಿನ ಮೇಲೆ ಇಟ್ಟಳು.

ಅಪ್ಪ ಅದನ್ನು ನೋಡಿದ. ಕೈಯಲ್ಲಿದ್ದ ಕ್ಯಾನನ್ನು ಕೆಳಗಿಟ್ಟ.

"ಆ ಕ್ಲಾಂಪ್ ಎರಕ ಹುಯ್ದಿದ್ದು ನಾನೇ. ಅದು ಹೇಗೆ ಸಡಿಲ ಆಗುತ್ತೆ ಅಂತ ನಾಲ್ಕು ದಿನದಿಂದ ತಲೆ ಕೆಡಿಸ್ಕೊಂಡಿದೀನಿ. ಹೋಗಿ ನೋಡೋಕೆ ಧೈರ್ಯ ಬರ್ಲಿಲ್ಲ."

"ಎಷ್ಟು ದಿನದಿಂದ ಹೀಗೆ?"

"ಬೇಸಿಗೆಯಿಂದ. ಮೊದಲು ಒಂದೆರಡು ಬೆರಳು, ಈಗ ಎರಡೂ ಕೈ." ಅಪ್ಪ ಮೂಲೆಯಲ್ಲಿದ್ದ ಶಟರಿನ ಕೊಕ್ಕೆ ಕೋಲನ್ನು ತೆಗೆದುಕೊಂಡ. "ಮಾತು ಅಂದ್ರೆ ಮಾತು. ಮೂವತ್ತು ವರ್ಷ ನಂಬಿ ಗಾಡಿ ಕೊಟ್ಟಿರೋ ಹೆಂಗಸು. ಸುಟ್ಟು ಹೋಗಿದ್ರೆ ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ?"

ಮಗಳು ಅಡ್ಡ ನಿಂತಳು. "ಗಾಡಿ ಸರಿಹೋಯ್ತು. ಮೊದಲು ಆ ಕೈ ಬಿಚ್ಚು."

"ಏನಿಲ್ಲ ಅದರಲ್ಲಿ."

"ಬಿಚ್ಚಪ್ಪ."

ಅವನು ಬಿಚ್ಚಲಿಲ್ಲ, ಅವಳೇ ಬಿಚ್ಚಿದಳು. ಮೂರು ಬೆರಳಿನ ಬುಡದಲ್ಲಿ ಆಸಿಡ್ ತಿಂದ ಗಾಯ, ಅಂಚಿನಲ್ಲಿ ಕೀವು. ಬಿದ್ದ ಕೂಡಲೇ ಯಾರಾದರೂ ಕಿರುಚಿ ನೀರಿನ ನಲ್ಲಿಗೆ ಓಡಬೇಕಾದಂಥ ಗಾಯ. ಅಪ್ಪ ಅದನ್ನು ಬೇರೆಯವರ ಕೈ ನೋಡುವ ಹಾಗೆ ನೋಡುತ್ತ ನಿಂತಿದ್ದ. ಮಗಳು ಕೋಲನ್ನು ಅವನ ಕೈಯಿಂದ ಕಿತ್ತು ಮೂಲೆಗೆ ಇಟ್ಟಳು.

"ನಾಳೆ ಬೆಳಿಗ್ಗೆ ಮೊದಲು ಡಾಕ್ಟರ ಹತ್ರ. ಆಮೇಲೆ ಶಟರ್ ನಾನು ಎತ್ತೀನಿ, ನೀನು ಕುರ್ಚೀಲಿ ಕೂತ್ಕೋ. ಆಸಿಡ್ ಮುಟ್ಟೋ ಹಾಗಿಲ್ಲ, ಸ್ಪ್ಯಾನರ್ ಮುಟ್ಟೋ ಹಾಗಿಲ್ಲ. ಯಾವ ಗಾಡಿಗೆ ಯಾವುದು ಅಂತ ಹೇಳು, ಸಾಕು. ನರ್ಸಮ್ಮನ ಗಾಡಿಗೆ ಹನ್ನೆರಡು ವೋಲ್ಟ್ ಹಾಕ್ತೀನಿ ಅಂದೋಳು ನಾನು. ನನ್ನ ಕೈಗೆ ಅಂಗಡಿ ಬಿಟ್ಟು ಹೋಗ್ತೀಯಾ?"

"ಬರೀ ಕೂತು ಬಾಯಲ್ಲಿ ಹೇಳೋನಿಗೆ ಮೇಸ್ತ್ರಿ ಅಂತಾರಾ ಯಾರಾದ್ರೂ?"

"ನಾನು ಅಂತೀನಿ."

ಅಪ್ಪ ಸ್ಟೂಲಿನ ಮೇಲೆ ಕೂತ. ಮಗಳು ಟೀ ಕಾಯಿಸುವ ಒಲೆಯ ಮೇಲೆ ನೀರಿಟ್ಟು ಕುದಿಸಿ, ತೊಳೆದ ಬೋಗುಣಿಗೆ ಸುರಿದು, ಆರಲು ಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ತನ್ನ ಮೊಣಕೈ ತಾಗಿಸಿ ನೋಡಿ ಬೋಗುಣಿಯನ್ನು ಅವನ ಮುಂದೆ ಇಟ್ಟಳು.

ಅಪ್ಪ ಕೈಯನ್ನು ನೀರಿನ ತನಕ ತಂದು ಅಲ್ಲೇ ನಿಲ್ಲಿಸಿದ. ಅಂಗಡಿಯ ವಿಷಯವಿರಲಿ, ಮನೆಯ ವಿಷಯವಿರಲಿ, ಅವನು ಇವತ್ತಿನ ತನಕ ಮಗಳನ್ನು ಕೇಳಿ ಯಾವುದನ್ನೂ ತಿಳಿದುಕೊಂಡವನಲ್ಲ.

"ಮಗಾ," ಅಂದ, "ಈ ನೀರು ಬಿಸಿ ಇದೆಯಾ, ತಣ್ಣಗಿದೆಯಾ?"

"ಉಗುರು ಬೆಚ್ಚಗಿದೆ. ಇಡಪ್ಪ."

ಅಪ್ಪ ಕೈ ಇಟ್ಟ.