ಬೇಲಿ ದಾಟಿದ ಅತಿಮಧುರ

ದರ್ಜಿ ಹೆಂಗಸು ಹಿತ್ತಿಲಲ್ಲಿ ಅತಿಮಧುರದ ಬೇರಿನ ತುಂಡುಗಳನ್ನು ನೆಟ್ಟ ದಿನವೇ, ಪಕ್ಕದ ಮನೆಯಲ್ಲಿದ್ದ ಅವಳ ಗಂಡನ ಅಣ್ಣ ಬೇಲಿಯ ಮೇಲೆ ಗದ್ದ ಊರಿ ಪುಕ್ಕಟೆ ಸಲಹೆ ಕೊಡಲು ಶುರುಮಾಡಿದರು. ಈ ಭಾವನವರು ಮೂವತ್ತು ವರ್ಷ ಕಚೇರಿಯಲ್ಲಿ ಕಡತ ತಿರುವಿದವರು. ಹಾಗಾಗಿ ಬೇಸಾಯದಲ್ಲಿ ಅವರಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ.

"ಅಂಗಡೀಲಿ ಸಿಗೋ ಕೆಮ್ಮಿನ ಕಡ್ಡಿಗೆ ಮೂರು ವರ್ಷ ಕಾಯ್ತೀಯೇನಮ್ಮ? ಕಳೆ ಸಾಕ್ತಿದ್ದೀಯ, ಕಳೆ!"

ಅವಳು ನೀರು ಹೊಯ್ದಳು. ಬೇರು ಮಾತ್ರ ಭಾವನವರ ಅಪ್ಪಣೆಗೆ ಕಾಯದೆ ಬೇಲಿಯಡಿ ನುಸುಳಿ ಅವರ ಹುಲ್ಲುಹಾಸನ್ನು ಸೇರಿತು. ಮೂರನೇ ವರ್ಷ ಅವರು ಅಲ್ಲಿ ಗುದ್ದಲಿ ಹಾಕಿದಾಗ ಹಳದಿ ಬೇರು ಸಿಕ್ಕಿತು. ಅಗಿದು ನೋಡಿದರೆ ಸಕ್ಕರೆಯಂಥ ಸಿಹಿ! ಸಂಜೆಯೊಳಗೆ ಬೀದಿಗೆಲ್ಲ ಹಂಚಿ, "ನಮ್ಮ ಮಣ್ಣಿನ ಗುಣ ನೋಡಿ" ಎಂದು ಬೀಗಿದರು.

ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಕೇಳಿದ್ದು ಇಷ್ಟೇ: "ಪೂರ್ತಿ ಕಿತ್ತಿರಾ, ಭಾವ?"

"ಎಲ್ಲಿ, ಕೈಗೆ ಸಿಕ್ಕಷ್ಟು ಕತ್ತರಿಸಿದೆ."

"ಒಳ್ಳೇದಾಯ್ತು ಬಿಡಿ."

ಮಣ್ಣಲ್ಲಿ ಉಳಿದ ಒಂದೊಂದು ತುಂಡೂ ಚಿಗುರುತ್ತದೆಂದು ಅವಳು ಹೇಳಲಿಲ್ಲ. ಎಲ್ಲ ಬಲ್ಲವರಿಗೆ ಹೇಳಿಕೊಡುವುದು ಅಗೌರವವಲ್ಲವೇ? ಮರುವರ್ಷ ಹುಲ್ಲುಹಾಸು ಮಾಯವಾಗಿ ಮೊಣಕಾಲೆತ್ತರದ ಗಿಡಗಳೆದ್ದವು. ಭಾವನವರು ಮುಖ ಸಣ್ಣದು ಮಾಡಿಕೊಂಡು ಬಂದರು.

"ಎಷ್ಟು ಕಿತ್ತರೂ ಬರ್ತಿದೆ, ಏನಾದ್ರೂ ಮಾಡಮ್ಮ."

"ಇನ್ನೆರಡು ವರ್ಷ ಬಲೀಲಿ, ಆಮೇಲೆ ನಾನೇ ಅಗೆದು ಎಲ್ಲಾ ತಗೊಂಡು ಹೋಗ್ತೀನಿ. ನೀರು ಮಾತ್ರ ತಪ್ಪಿಸಬೇಡಿ."

ಭಾವನವರು ಈಗ ದಿನಾ ಬೆಳಿಗ್ಗೆ ಕೊಡ ಹಿಡಿದು ಹೊರಡುತ್ತಾರೆ. ಸಲಹೆ ಕೊಡಲು ಪಾಪ, ಅವರಿಗೆ ಪುರುಸೊತ್ತೇ ಇಲ್ಲ.