ಮೂರು ಸಲ ಹೇಳಿದ ಮಾತು

"ಅಣ್ಣ ಬಾಯಿ ಮುಚ್ಚಿಕೊಂಡಿರೋ ಫೋಟೋ ಒಂದೂ ಇಲ್ವಾ ಅತ್ತಿಗೆ?" ಮೈದುನ ಟ್ರಂಕಿನಲ್ಲಿದ್ದುದನ್ನೆಲ್ಲ ನೆಲಕ್ಕೆ ಸುರಿದು ಹುಡುಕುತ್ತಿದ್ದ.

ಎಲ್ಲಿಂದ ಬಂದೀತು? ಸತ್ತವನು ಸರ್ಕಾರದ ದುಭಾಷಿ. ಬಂದರಿಗೆ, ಹೆದ್ದಾರಿಗೆ ನಮ್ಮ ಜೊತೆ ಪಾಲುದಾರರಾಗಿ ಹಣ ಹಾಕಿ ಎಂದು ಸರ್ಕಾರ ಹೊರದೇಶದ ಬಂಡವಾಳದವರನ್ನು ಕರೆದು ಕೂರಿಸಿದಾಗಲೆಲ್ಲ, ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ದಾಟಿಸುತ್ತಿದ್ದವನು. ಎಲ್ಲರೂ ಉಣ್ಣುವಾಗಲೂ ಅವನು ಮಾತಾಡಬೇಕು. ಕೊನೆಯ ಹನ್ನೊಂದು ವರ್ಷಗಳದ್ದಂತೂ ಒಂದು ಫೋಟೋವೂ ಇರಲಿಲ್ಲ. ಆಗ ಅವನು ಕೂರುತ್ತಿದ್ದ ಹಳೆಯ ಕಡತಗಳ ಕೋಣೆಗೆ ಬಂದು ಯಾರು ಫೋಟೋ ತೆಗೆಯುತ್ತಾರೆ?

"ಯಾವುದೋ ಒಂದು ಇಡಪ್ಪ," ಎಂದಳು ಹೆಂಡತಿ. ಸಾವಿನ ದುಃಖದೊಳಗೂ ಹಳೆಯ ಸಿಟ್ಟು ಹೊಗೆಯಾಡುತ್ತಿತ್ತು.

*

ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ ಅವನು ಬೂಟು ಬಿಚ್ಚುತ್ತಲೇ ಹೇಳಿದ್ದ. "ನಾಲಿಗೆ ಜಾರಿತು ಕಣೇ. ಬಂದರಿನ ಮಾತುಕತೆ ಮುರಿದುಬಿತ್ತು. ನನ್ನನ್ನ ಕಡತದ ಕೋಣೆಗೆ ಹಾಕಿದ್ರು."

"ಮಾತಾಡೋದೊಂದೇ ನಿಮ್ಮ ಕಸುಬು. ಅದನ್ನೂ ನೆಟ್ಟಗೆ ಮಾಡೋಕಾಗಲಿಲ್ವಾ?"

ಸರ್ಕಾರಿ ಮನೆ ಹೋಯಿತು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನೆಂಟರನ್ನು ಕೂರಿಸಲೂ ಜಾಗವಿರಲಿಲ್ಲ. ಅಡುಗೆಗೆ ಉಪ್ಪು ಹೆಚ್ಚಾದರೆ, "ಕೈ ಜಾರಿತು, ನಿಮ್ಮ ನಾಲಿಗೆ ಜಾರಲಿಲ್ವಾ ಹಾಗೆ," ಎಂದು ಅವಳು ಚುಚ್ಚುವಳು. ಅವನು ನಕ್ಕು ಉಣ್ಣುವನು.

*

ಸತ್ತವನನ್ನು ಕೊನೆಯ ಸಲ ನೋಡಲು ಬೆಳಿಗ್ಗೆ ಹತ್ತು ಗಂಟೆಗೆ ಇಲಾಖೆಯ ಹಳೆಯ ಕಾರ್ಯದರ್ಶಿ ಕೋಲೂರಿಕೊಂಡು ಬಂದರು. ಅವನನ್ನು ಕಡತದ ಕೋಣೆಗೆ ತಳ್ಳಿದವರು ಅವರೇ. ಅವಳು ಕುರ್ಚಿಯನ್ನೂ ತೋರಿಸಲಿಲ್ಲ.

"ಒಂದು ಸಲ ಬಾಯಿ ತಪ್ಪಿದ್ದಕ್ಕೆ ಹನ್ನೊಂದು ವರ್ಷ ಶಿಕ್ಷೆ ಕೊಟ್ರಲ್ಲ ಸಾರ್."

"ಬಾಯಿ ತಪ್ಪಿತು ಅಂದ್ರಾ ನಿಮ್ಮವರು?" ಮುದುಕರು ಗೋಡೆ ಹಿಡಿದು ನಿಂತರು. "ಬಂದರು ಕಟ್ಟೋ ಜಾಗದಲ್ಲಿ ಇನ್ನೂರು ಮನೆ ಇದ್ವಮ್ಮ. ಆ ಜನ ಏನಂತಾರೆ ಅಂತ ಹೊರದೇಶದವರು ಕೇಳಿದ್ರು. ಎಲ್ರೂ ಒಪ್ಪಿದ್ದಾರೆ ಅಂದೆ ನಾನು. ಅದನ್ನ ಅವರ ಭಾಷೆಗೆ ದಾಟಿಸುವಾಗ, ಆ ಜನರನ್ನ ಇನ್ನೂ ಕೇಳೇ ಇಲ್ಲ ಅಂತ ನಿಮ್ಮವರು ಹೇಳಿದ್ರು. ನಂಗೂ ಆ ಭಾಷೆ ಅಷ್ಟಿಷ್ಟು ಬರುತ್ತೆ, ಅದು ಇವರಿಗೂ ಗೊತ್ತಿತ್ತು. ಮೂರು ಸಲ ನಾನು ಅದೇ ಸುಳ್ಳು ಹೇಳಿದೆ. ಮೂರು ಸಲವೂ ಇವರು ಅದೇ ನಿಜ ಹೇಳಿದ್ರು. ಮೊದಲು ಹೋಗಿ ಕೇಳಿ ಅಂತ ಹೊರದೇಶದವರೆಲ್ಲ ಎದ್ದುಬಿಟ್ರು. ಆ ಮನೆಗಳು ಇವತ್ತೂ ಇವೆ."

"ಮತ್ತೆ ನನ್ನ ಹತ್ರ ಯಾಕೆ ಮುಚ್ಚಿಟ್ರು?"

"ನಾನೂ ಕೇಳಿದ್ದೆ. ಗೊತ್ತಿಲ್ಲದೆ ಆಯ್ತು ಅಂದ್ರೆ ಮನೆಯವಳು ಮನ್ನಿಸ್ತಾಳೆ, ಬೇಕಂತಲೇ ಇರೋ ಮನೆ ಕಳೆದೆ ಅಂದ್ರೆ ಹೇಗೆ ಮನ್ನಿಸ್ತಾಳೆ ಸಾರ್, ಅಂದಿದ್ರು."

ಗೊತ್ತಿಲ್ಲದೆ ಆಯಿತೆಂದ ತಪ್ಪನ್ನೂ ಅವಳು ಒಂದು ದಿನವೂ ಮನ್ನಿಸಿರಲಿಲ್ಲ.

"ಅತ್ತಿಗೆ, ಸ್ಮಶಾನದ ಗಾಡಿ ಬಂತು. ಹೊತ್ತಾಯ್ತು," ಎಂದು ಮೈದುನ ಒಳಗೆ ಬಂದ.

ಅವಳಿಗೆ ಕೇಳಿಸಲಿಲ್ಲ. ಹೆಣದ ಪಕ್ಕ ನೆಲದ ಮೇಲೆ ಕೂತು, ಗಂಡನ ಕಿವಿಯ ಹತ್ತಿರ ಬಾಗಿ, ಮೆಲ್ಲಗೆ ಏನೋ ಹೇಳತೊಡಗಿದ್ದಳು. ಬಂದವರು ಒಬ್ಬೊಬ್ಬರೇ ಎದ್ದು ಹೊರಗೆ ನಿಂತರು. ಅವಳಿನ್ನೂ ಹೇಳುತ್ತಲೇ ಇದ್ದಳು. ಬೀದಿಯಲ್ಲಿ ಗಾಡಿಯವನು ಸ್ವಲ್ಪ ಹೊತ್ತು ಕಾದು, ಇಂಜಿನ್ ಆರಿಸಿದ.