ಸೋಮಾರಿ ಟ್ಯಾಂಕಿಗೆ ಸಿಹಿನೀರು

ಅಪ್ಪನ ಬಾಯಲ್ಲಿ ಉಳಿದದ್ದು ಒಂದೇ ಮಾತು: ಆಯ್ತು. ಊಟ ಆಯ್ತಾ ಎಂದು ಕೇಳಿದರೆ, ತಟ್ಟೆ ಮುಂದೆಯೇ ತಣ್ಣಗಾಗುತ್ತಿದ್ದರೂ, ಆಯ್ತು. ನೋವಿದೆಯಾ ಎಂದರೆ ಆಯ್ತು. ಕಿಟಕಿ ಹಾಕಲಾ ಎಂದರೂ ಆಯ್ತು, ತೆಗೆಯಲಾ ಎಂದರೂ ಆಯ್ತು. ಹಗಲು ಹೊತ್ತು ಬಂದು ಜೊತೆಗೆ ಕೂರುತ್ತಿದ್ದ ಕೆಳಮನೆಯ ಅಜ್ಜಿ, ತನ್ನ ಗಂಡ ಬದುಕಿದ್ದಷ್ಟು ಕಾಲ ಈ ಮಾತನ್ನು ಒಂದು ಸಲವೂ ಆಡಲಿಲ್ಲ, ನಿಮ್ಮಪ್ಪ ಚಿನ್ನದಂಥ ಮನುಷ್ಯ ಎಂದು ನಗುತ್ತಿದ್ದಳು. ಅಜ್ಜಿಗೆ ಕಿವಿ ಮಂದ. ಮಾತಿಲ್ಲದವರ ಜೊತೆ ಅವಳಿಗೆ ಸಲೀಸು.

ಮಗಳಿಗೆ ಮಾತ್ರ ನಗು ಬರುತ್ತಿರಲಿಲ್ಲ. ಪಾರ್ಶ್ವವಾಯು ಬಡಿದು ಅಪ್ಪ ಬಿದ್ದ ದಿನದಿಂದ, ಆ ಒಂದು ಮಾತಿನ ಹಿಂದೆ ಇನ್ನೂ ಯಾರಾದರೂ ಇದ್ದಾರೆಯೇ ಎಂದು ಅವಳು ಕಾದು ಕೂತಿದ್ದಳು. ಅವಳದೂ ಮಾತು ಕಡಿಮೆಯೇ. ಮನೆಯಲ್ಲಿ ಅವಳನ್ನು ಇಲಿಮರಿ ಎಂದೇ ಕರೆಯುತ್ತಿದ್ದರು. ಶಾಲೆ ಅರ್ಧಕ್ಕೆ ಬಿಟ್ಟು ಲಾಂಡ್ರಿಯೊಂದರಲ್ಲಿ ಇಸ್ತ್ರಿಗೆ ನಿಂತವಳು. ಮೊದಲು ಕಾಲರು, ಆಮೇಲೆ ಭುಜ, ಆಮೇಲೆ ತೋಳು. ಹಬೆಯ ಸದ್ದಿನಲ್ಲಿ ಯಾರೂ ಯಾರನ್ನೂ ಮಾತಾಡಿಸದ ಆ ಜಾಗ ಅವಳಿಗೆ ಒಗ್ಗಿತ್ತು.

ಅಣ್ಣ ಬಸ್ ಡ್ರೈವರು. ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿದ್ದ. ಒಂದು ಮಧ್ಯಾಹ್ನ ಅಜ್ಜಿಗೆ ಜೊಂಪು ಹತ್ತಿದ್ದಾಗ ಅಪ್ಪ ಬಾಗಿಲು ತೆಗೆದುಕೊಂಡು ಹೋಗಿ, ಬಸ್ ನಿಲ್ದಾಣದ ಬೆಂಚಿನ ಮೇಲೆ ಬರೀ ಬನಿಯನ್ನಿನಲ್ಲಿ ಕೂತಿದ್ದರು. ಅವರನ್ನು ಕಂಡವನು ಅಣ್ಣನೇ. ತುಂಬಿದ ಬಸ್ಸನ್ನು ನಿಲ್ಲಿಸಿ ಇಳಿದು, ಅಪ್ಪನನ್ನು ತನ್ನ ಬೆನ್ನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಕೊನೆಯ ನಿಲ್ದಾಣದವರೆಗೂ ಓಡಿಸಿದ್ದ. ಹೋಗೋಣ್ವಾ ಅಪ್ಪ ಎಂದು ಪ್ರತಿ ನಿಲ್ದಾಣದಲ್ಲೂ ತಿರುಗಿ ಕೇಳಿದ್ದನಂತೆ. ಪ್ರತಿ ಸಲವೂ ಆಯ್ತು ಎಂದರಂತೆ. ಜನ ಡ್ರೈವರಿಗೆ ಒಳ್ಳೇ ಕಂಡಕ್ಟರ್ ಸಿಕ್ಕಿದ ಎಂದು ನಕ್ಕರಂತೆ. ಅವತ್ತಿಗೆ ಅಣ್ಣನ ಎದೆ ಒಡೆದುಹೋಯಿತು. ಆರೈಕೆ ಕೇಂದ್ರವೊಂದಕ್ಕೆ ಹೋಗಿ ಮಾತಾಡಿ ಬಂದ. ಅಲ್ಲಿ ಒಂದು ಹಾಸಿಗೆ ಇಷ್ಟರಲ್ಲೇ ಖಾಲಿಯಾಗುವುದಿತ್ತು.

ಇಲಿಮರಿ ಬೇಡವೆಂದಳು. ಬೇಡವೆನ್ನುವುದಕ್ಕೆ ಅವಳ ಹತ್ತಿರ ಕಾರಣವಿರಲಿಲ್ಲ. ಅಪ್ಪನ ಅಂಗಿಯ ತುದಿಯನ್ನು ಹಿಡಿದುಕೊಂಡು ನಿಂತಿದ್ದಳು, ಅಷ್ಟೇ.

"ನಾನೇನು ಕಟುಕ ಅಲ್ಲ ಕಣೇ," ಎಂದ ಅಣ್ಣ. "ಕೈ ಎತ್ತಿ ಅಂದೆ, ಎತ್ತಲಿಲ್ಲ. ನನ್ನ ನೋಡಿ ಅಂದೆ, ಗೋಡೆ ನೋಡಿದ್ರು. ಒಂದೇ ಒಂದು ಮಾತು ಅವರಿಗೆ ತಿಳಿಯುತ್ತೆ ಅಂತ ತೋರಿಸು. ಆಮೇಲೆ ನಾನು ಈ ವಿಷಯ ಎತ್ತಿದ್ರೆ ಕೇಳು."

ಮಾತು ಕಲಿಸಲು ಬರುತ್ತಿದ್ದ ಡಾಕ್ಟರಮ್ಮ, ಕೈಗೆ ರೂಢಿಯಿದ್ದ ಕೆಲಸವೇನಾದರೂ ಇದ್ದರೆ ಮತ್ತೆ ಹಚ್ಚಿ ನೋಡಿ ಎಂದಿದ್ದರು. ಅಪ್ಪನ ಕೈಗಿದ್ದ ರೂಢಿ ಎರಡು. ಒಂದು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದು. ಅದನ್ನು ಅವರ ಕೈಗೆ ಮತ್ತೆ ಯಾರೂ ಕೊಡುವಂತಿರಲಿಲ್ಲ. ಇನ್ನೊಂದು, ಸಮುದ್ರದ ಟ್ಯಾಂಕು: ಕಡಲ ಮೀನು ಸಾಕುವ ಗಾಜಿನ ತೊಟ್ಟಿ. ಒಂದು ಕಾಲಕ್ಕೆ ನಡುಮನೆಯ ಗೋಡೆಯುದ್ದಕ್ಕೂ ಉಪ್ಪುನೀರು, ಅದರೊಳಗೆ ಹವಳಗಳು, ಅಡಿಯಲ್ಲಿ ಬುಸುಗುಡುವ ಯಂತ್ರಗಳು. ವಾರವಿಡೀ ಏನಾದರೊಂದು ಅಳೆಯುವುದು, ತೊಳೆಯುವುದು, ಸುರಿಯುವುದು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಮೋಟಾರು ಸುಟ್ಟು ಅಷ್ಟೂ ಸತ್ತಿತ್ತು. ಸತ್ತ ಹವಳವನ್ನು ಮೂಟೆ ಕಟ್ಟಿ ಹೊರಗಿಟ್ಟವಳು ಅವಳೇ. ಆ ವಾಸನೆ ಇನ್ನೂ ಮೂಗಿನಲ್ಲಿತ್ತು. ಮತ್ತೆ ಆ ತಂಟೆಗೆ ಹೋಗುವುದಿಲ್ಲ ಎಂದುಕೊಂಡಿದ್ದವಳು, ಆ ವಾರವೇ ಸಾಕುಮೀನಿನ ಅಂಗಡಿಯ ಮುಂದೆ ಹೋಗಿ ನಿಂತಳು.

ಅಂಗಡಿಯವನಿಗೆ ಅಪ್ಪ ಹಳೆಯ ಗಿರಾಕಿ. ಅವಳಿಗೆ ಬಾಯಿ ಬಿಡಲು ಸಮಯ ಹಿಡಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಕೊನೆಗೆ ಅವಳು, ಕೆಲಸ ಕಡಿಮೆ ಇರಬೇಕು, ಸಾಯಬಾರದು ಎಂದಳು. ಅವನು ನಕ್ಕು, ಅಂಥದ್ದಕ್ಕೆ ನಾವು ಸೋಮಾರಿ ಟ್ಯಾಂಕು ಅಂತೀವಿ, ಅಪ್ಪನ ಹಾಗೆ ಅದನ್ನೇ ಮದುವೆಯಾಗುವುದು ಬೇಡ ಎಂದ. ಮೇಜಿನ ಮೇಲೆ ಕೂರುವಷ್ಟು ಗಾಜು. ನೀರು ಆಡಿಸಲು ಪುಟ್ಟ ಮೋಟಾರು ಒಂದು, ತಾನೇ ಹತ್ತಿ ತಾನೇ ಆರುವ ದೀಪ ಒಂದು. ತನ್ನ ಹಳೆಯ ಟ್ಯಾಂಕಿನಿಂದಲೇ ನೀರನ್ನು ಶುದ್ಧವಾಗಿಡುವ ಸೂಕ್ಷ್ಮಜೀವಿಗಳಿರುವ ಕಲ್ಲುಗಳನ್ನು ಎತ್ತಿಕೊಟ್ಟ. ಹಟಮಾರಿ ಹವಳಗಳ ಗೊಡವೆಯೇ ಬೇಡವೆಂದು ಅಣಬೆಯಂಥ ಮೆತ್ತನೆಯ ಹವಳ, ಅಂಗಿಯ ಗುಂಡಿಗಳ ಹಾಗೆ ಅರಳುವ ಇನ್ನೊಂದು. ಕಿತ್ತಳೆ ಮೈಗೆ ಬಿಳಿ ಪಟ್ಟೆಯಿರುವ ಜೋಡಿ ಮೀನು. ವಾರಕ್ಕೊಂದು ಬಕೆಟ್ ನೀರು ಬದಲಿಸಿದರೆ ಮುಗಿಯಿತು.

ಕಡಿಮೆಯಾದ ನೀರನ್ನು ತಾನೇ ತುಂಬುವ ಸಲಕರಣೆಯೂ ಇತ್ತು. ಅದನ್ನು ಮಾತ್ರ ಅವಳು ಬೇಡವೆಂದಳು. ಆ ಒಂದು ಕೆಲಸವನ್ನು ಅಪ್ಪನಿಗೆಂದು ಬಿಟ್ಟುಕೊಂಡಳು.

ಸಮುದ್ರದ ಟ್ಯಾಂಕಿನಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಹಾಗಾಗಿ ತಗ್ಗಿದಷ್ಟಕ್ಕೂ ಉಪ್ಪಿಲ್ಲದ ನೀರನ್ನೇ ಹಾಕಬೇಕು. ಎಲ್ಲರ ಹಾಗೆ ಅವರ ಮನೆಯಲ್ಲೂ ಅದಕ್ಕೆ ಸಿಹಿನೀರು ಎಂದೇ ಹೆಸರು. ಅಪ್ಪ ಸ್ನಾನದ ಮನೆಯಿಂದಲೂ ಕೂಗುತ್ತಿದ್ದರು, ಸಿಹಿನೀರು ಹಾಕಿದ್ಯೇನೇ ಇಲಿಮರಿ ಎಂದು. ಈಗ ಅವಳು ಗಾಜಿನ ಮೇಲೊಂದು ಟೇಪು ಅಂಟಿಸಿ, ಪಕ್ಕದಲ್ಲಿ ಕ್ಯಾನು, ಲೋಟ ಇಟ್ಟು, ಕೆಲಸಕ್ಕೆ ಹೊರಡುವಾಗ ದಿನವೂ ಹೇಳುತ್ತಿದ್ದಳು. "ಅಪ್ಪ, ನೀರು ತಗ್ಗಿದೆ. ಟೇಪಿನವರೆಗೂ ಸಿಹಿನೀರು ಹಾಕಿ."

ಆಯ್ತು, ಎನ್ನುತ್ತಿದ್ದರು ಅಪ್ಪ. ಸಂಜೆ ಬಂದು ನೋಡಿದರೆ ನೀರು ತಗ್ಗಿಯೇ ಇರುತ್ತಿತ್ತು. ಅವಳೇ ತುಂಬುತ್ತಿದ್ದಳು. ಅಣ್ಣ ಫೋನು ಮಾಡಿ, ಬರುವ ಭಾನುವಾರ ಹಾಸಿಗೆ ಸಿಗುತ್ತದೆ, ಬಟ್ಟೆ ಕಟ್ಟಿಡು ಎಂದ. ಅವಳು ಆ ರಾತ್ರಿ ಅಪ್ಪನ ಅಂಗಿಗಳನ್ನು ಇಸ್ತ್ರಿ ಮಾಡಲು ಕೂತು, ಕಾಲರಿನಿಂದ ಶುರು ಮಾಡುವುದನ್ನು ಮರೆತು, ಎರಡು ಸಲ ಬೆರಳು ಸುಟ್ಟುಕೊಂಡಳು.

ಮರುದಿನ ಸಂಜೆ ನೀರು ಟೇಪಿನ ಮಟ್ಟಕ್ಕಿತ್ತು.

ಅವಳು ಚೀಲ ಹೆಗಲಿನಲ್ಲೇ ಇಟ್ಟುಕೊಂಡು ಬಾಗಿ ನೋಡಿದಳು. ಅಜ್ಜಿಯನ್ನು ಕೇಳಿದರೆ, ನಾನ್ಯಾಕಮ್ಮ ಅದನ್ನು ಮುಟ್ಟಲಿ, ಅದರಲ್ಲಿ ಕರೆಂಟಿದೆ ಎಂದಳು. ಲೋಟ ಒದ್ದೆಯಾಗಿತ್ತು. ಅಪ್ಪನ ಎಡಗೈಯ ತೋಳೂ ಒದ್ದೆಯಾಗಿತ್ತು. ಅದರ ಮರುದಿನವೂ ನೀರು ಟೇಪಿಗೆ ಸರಿಯಾಗಿ ನಿಂತಿತ್ತು, ಮತ್ತೊಂದು ದಿನವೂ. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಾನಾಗಿ ಯಾರಿಗೂ ಫೋನು ಮಾಡದವಳು ಅಣ್ಣನಿಗೆ ಮಾಡಿದಳು. ಅವನು, ಭಾನುವಾರ ನಾನೇ ಕಣ್ಣಾರೆ ನೋಡುತ್ತೇನೆ ಎಂದ. ದನಿಯಲ್ಲಿ ಆಸೆಯಿತ್ತು. ಅದೇ ಅವಳನ್ನು ಹೆದರಿಸಿತು.

ಶುಕ್ರವಾರ ನೀರು ತುಸು ಮಂಜಾದಂತೆ ಕಂಡಿತು. ಹೊಸ ಟ್ಯಾಂಕಿನಲ್ಲಿ ಇದು ಇದ್ದದ್ದೇ ಎಂದುಕೊಂಡಳು. ಶನಿವಾರ ಹಿಂದಿನ ಕಲ್ಲು ಕಾಣಿಸಲಿಲ್ಲ. ಲಾಂಡ್ರಿಯಲ್ಲಿ ಮದುವೆಯ ಬಟ್ಟೆಗಳ ರಾಶಿ ಬಿದ್ದಿತ್ತು. ಮನೆಗೆ ಬಂದವಳು ಉಡುಪು ಬದಲಿಸದೆ ಮಲಗಿಬಿಟ್ಟಳು.

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಟ್ಯಾಂಕಿನ ತುಂಬ ಹಾಲು. ಎರಡೂ ಮೀನುಗಳು ಮೇಲಕ್ಕೆ ಬಂದು, ಮೂತಿಯನ್ನು ನೀರಿನಾಚೆ ತೂರಿಸಿ ಬಾಯಿ ತೆರೆದು ಮುಚ್ಚುತ್ತಿದ್ದವು. ಗುಂಡಿ ಹವಳ ಒಂದೂ ಅರಳಿರಲಿಲ್ಲ. ಅವಳಿಗೆ ಹಳೆಯ ವಾಸನೆ ಮೂಗಿಗೆ ಬಡಿದಂತಾಯಿತು. ಏನು ಮಾಡಿದೆ, ಏನು ಬಿಟ್ಟೆ ಎಂದು ತಡಕಾಡುತ್ತಿರುವಾಗ ಇರುವೆಗಳು ಕಂಡವು. ಅಡುಗೆಮನೆಯ ಬಾಗಿಲಿನಿಂದ ಹೊರಟು, ಗೋಡೆಯ ಬುಡ ಹಿಡಿದು, ಮೇಜಿನ ಕಾಲು ಹತ್ತಿ, ಗಾಜಿನ ಅಂಚಿನ ಮೇಲೆ ಸಾಲುಗಟ್ಟಿದ್ದವು. ಉಪ್ಪುನೀರಿಗೆ ಇರುವೆ ಮುತ್ತುವುದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಸಾಲನ್ನು ಹಿಂಬಾಲಿಸಿ ಅಡುಗೆಮನೆಗೆ ಹೋದಳು. ಸಕ್ಕರೆ ಡಬ್ಬಿ ತಳ ಕಂಡಿತ್ತು. ಚಮಚ ಅಂಟಂಟಾಗಿತ್ತು.

ಸಿಹಿನೀರು. ಅವಳು ಸಿಹಿ ಎಂದಿದ್ದಳು, ನೀರು ಎಂದಿದ್ದಳು. ಅಪ್ಪನ ತಲೆಯೊಳಗೆ ಆ ಪದ ನಡುವೆ ಮುರಿದು ಎರಡಾಗಿತ್ತು. ಲೋಟಕ್ಕೆ ಸಕ್ಕರೆ ಹಾಕಿ, ಕದಡಿ, ಟೇಪಿನ ಮಟ್ಟಕ್ಕೆ, ಒಂದು ಹನಿ ಹೆಚ್ಚಾಗದಂತೆ ತುಂಬಿದ್ದರು. ಸಕ್ಕರೆ ತಿಂದು ಕಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಟಲೆ ಹುಟ್ಟಿ ನೀರಿನ ಗಾಳಿಯನ್ನೆಲ್ಲ ಹೀರಿಬಿಟ್ಟಿದ್ದವು.

ತಯಾರಿದ್ದ ಉಪ್ಪುನೀರು ಒಂದೇ ಬಕೆಟ್. ಅದನ್ನು ಬದಲಿಸಿ, ಇನ್ನೊಂದಕ್ಕೆ ಉಪ್ಪು ಕಲಸಿಟ್ಟಳು. ಅದು ಕರಗುವವರೆಗೂ ನೀರಿಗೆ ಹೇಗಾದರೂ ಗಾಳಿ ಸೇರಿಸಬೇಕಿತ್ತು. ಲೋಟದಲ್ಲಿ ಟ್ಯಾಂಕಿನ ನೀರನ್ನೇ ಮೊಗೆದು, ತಲೆಯೆತ್ತರದಿಂದ ಮತ್ತೆ ಅದಕ್ಕೇ ಸುರಿಯತೊಡಗಿದಳು. ಸುರಿಯುತ್ತಲೇ ಅಳುತ್ತಿದ್ದಳು. ಅಣ್ಣನಿಗೆ ಏನೆನ್ನುವುದು? ಸಕ್ಕರೆ ಹಾಕಿದ್ದು ನಾನೇ ಎಂದರೆ ಅಪ್ಪ ನೀರು ತುಂಬಿದ್ದೂ ಸುಳ್ಳಾಗುತ್ತದೆ. ಹಾಕಿದ್ದು ಅಪ್ಪ ಎಂದರೆ, ಅಪ್ಪ ಅಪಾಯದ ಮನುಷ್ಯರಾಗುತ್ತಾರೆ. ತೋಳು ಸೋತು ಲೋಟ ಮೇಜಿನ ಮೇಲಿಟ್ಟಳು. ಎರಡು ಮೀನುಗಳಲ್ಲಿ ದೊಡ್ಡದು ಆ ಹೊತ್ತಿಗೆ ಮಗ್ಗುಲಾಗಿ ತೇಲುತ್ತಿತ್ತು.

ಅಪ್ಪ ಕುರ್ಚಿಯಿಂದ ಎದ್ದರು. ಬಲಗಾಲು ಎಳೆದುಕೊಂಡು ಬಂದು ಎಡಗೈಯಲ್ಲಿ ಲೋಟ ಎತ್ತಿಕೊಂಡರು. ಮೊಗೆದರು, ಎತ್ತರಕ್ಕೆ ಹಿಡಿದರು, ಸುರಿದರು. ಮತ್ತೆ ಮೊಗೆದರು. ಅರ್ಧ ನೀರು ಅಂಗಿಯ ಮೇಲೆ ಬೀಳುತ್ತಿತ್ತು.

ಅಣ್ಣ ಒಳಗೆ ಬಂದಾಗ ಅವರು ಇನ್ನೂ ಸುರಿಯುತ್ತಿದ್ದರು. ಅವನು ಬಿಳಿ ನೀರನ್ನು ನೋಡಿದ, ನೆಲಕ್ಕೆ ಚೆಲ್ಲಿದ್ದನ್ನು ನೋಡಿದ, ಮಗ್ಗುಲಾದ ಮೀನನ್ನು ನೋಡಿದ. ಅವಳಿಂದ ಸುಳ್ಳು ಹೇಳಲಾಗಲಿಲ್ಲ. ತಡವರಿಸುತ್ತ ಎಲ್ಲವನ್ನೂ ಹೇಳಿದಳು.

"ಕೇಳಿಸಿದೆ ಅಣ್ಣ ಅವರಿಗೆ. ಸಿಹಿ ಅಂದೆ, ಸಿಹಿ ಹಾಕಿದ್ದಾರೆ. ನೀನು ಕೇಳಿದ್ದು ಒಂದೇ ಮಾತು ತಾನೇ."

ಅಣ್ಣ ಗೋಡೆಗೆ ಒರಗಿದ. "ಇವತ್ತು ಸಿಹಿ ಅಂದಿದ್ದೀಯ. ನಾಳೆ ಹೊಟ್ಟೆ ಉರೀತಿದೆ ಅಪ್ಪ ಅಂತೀಯ. ತಲೆ ಸಿಡೀತಿದೆ ಅಂತೀಯ. ಏನ್ ತಗೊಂಡು ಬರ್ತಾರೆ ನಿನ್ನ ಹತ್ರ? ಹಗಲೆಲ್ಲ ಆ ಕಿವುಡಜ್ಜಿ, ಗ್ಯಾಸ್ ಒಲೆ, ಇವರು. ನೀನೇ ಹೇಳು."

ಅವಳಿಗೆ ಇಷ್ಟು ದಿನ ಮನೆಯಲ್ಲಿ ಆಡಿದ ಮಾತುಗಳೆಲ್ಲ ಒಂದೊಂದಾಗಿ ನೆನಪಾಗತೊಡಗಿದವು. ಬಾಗಿಲು ಹಾಕಿ, ದೀಪ ತೆಗೆಯಿರಿ, ಜೀವ ತಿನ್ನಬೇಡಿ. ಯಾವುದನ್ನೂ ನೆಚ್ಚುವಂತಿರಲಿಲ್ಲ.

"ಸಾಕು," ಎಂದ ಅಣ್ಣ. ಸೋತುಹೋದವನ ದನಿ. ಉತ್ತರ ನಿರೀಕ್ಷಿಸದೆ, ಕೊನೆಯ ನಿಲ್ದಾಣದಲ್ಲಿ ನಿದ್ದೆ ಹೋದ ಪ್ರಯಾಣಿಕನಿಗೆ ಹೇಳುವ ಹಾಗೆ ಹೇಳಿದ. "ಅಪ್ಪ, ಲೋಟ ಇಡಿ. ಚಪ್ಪಲಿ ಹಾಕ್ಕೊಳ್ಳಿ. ಹೋಗೋಣ."

ಅಪ್ಪ ಲೋಟ ಇಟ್ಟರು. ಕೈಯನ್ನು ಅಂಗಿಗೆ ಒರೆಸಿಕೊಂಡರು. ಬಾಗಿಲ ಬಳಿ ಹೋಗಿ ಸ್ಟೂಲಿನ ಮೇಲೆ ಕೂತು, ಎಡಗಾಲಿಗೆ ಚಪ್ಪಲಿ ಹಾಕಿದರು. ಬಲಗಾಲನ್ನು ಕೈಯಿಂದ ಎತ್ತಿ ತೊಡೆಯ ಮೇಲಿಟ್ಟು, ಬೆರಳುಗಳನ್ನು ಒಂದೊಂದೇ ಒಳಗೆ ತಳ್ಳಿ, ಅದಕ್ಕೂ ಹಾಕಿದರು. ಆಮೇಲೆ ಎದ್ದು, ಬಾಗಿಲ ಚೌಕಟ್ಟು ಹಿಡಿದು ಅಣ್ಣನ ಮುಖ ನೋಡಿದರು. ಇನ್ನೇನು ಹೇಳುತ್ತೀಯ ಎನ್ನುವ ನೋಟ.

ಅಣ್ಣನ ಬಾಯಿ ತೆರೆದೇ ಇತ್ತು. ಇಲಿಮರಿಗೆ ಬನ್ನಿ ಅಪ್ಪ, ವಾಪಸ್ಸು ಬನ್ನಿ ಎನ್ನಬೇಕೆನಿಸಿತು. ಎಂದರೆ ಬರುತ್ತಾರೆ. ಅಣ್ಣ ಹೋಗೋಣ ಎಂದರೆ ಹೋಗುತ್ತಾರೆ. ಇಬ್ಬರೂ ಹೇಳುತ್ತಿದ್ದರೆ ಆ ಬಾಗಿಲಿಗೂ ಈ ಮೇಜಿಗೂ ನಡೆದು ನಡೆದು ಸಾಯುತ್ತಾರೆ. ತಿಳಿಯಬೇಕಾದದ್ದು ಅದಲ್ಲ. ಅವಳು ಮೇಜಿನ ಮೇಲಿನ ಲೋಟ ನೋಡಿದಳು. ಸಣ್ಣ ಮೀನು ಇನ್ನೂ ಬಾಯಿ ಬಡಿಯುತ್ತಿತ್ತು.

"ಅಣ್ಣ," ಎಂದಳು. "ಆ ಲೋಟ ತಗೊಳ್ಳಿ ಅಂತ ನಾನು ಹೇಳಿರಲಿಲ್ಲ."

ಅವನಿಗೆ ತಿಳಿಯಲಿಲ್ಲ.

"ಚಪ್ಪಲಿ ನೀನು ಹೇಳಿದ್ದಕ್ಕೆ ಹಾಕ್ಕೊಂಡ್ರು. ಸಕ್ಕರೆ ನಾನು ಹೇಳಿದ್ದಕ್ಕೆ ಹಾಕಿದ್ರು. ಮೀನಿಗೆ ಉಸಿರು ಸಾಲ್ತಿಲ್ಲ ಅಂತ ಯಾರೂ ಹೇಳಿಲ್ಲ. ನನ್ನ ಕೈ ಸೋತಿದೆ ಅಂತಾನೂ ಯಾರೂ ಹೇಳಿಲ್ಲ. ಅವರೇ ಎದ್ದು ಬಂದ್ರು."

ಅಷ್ಟು ಉದ್ದದ ಮಾತನ್ನು ಅವಳು ಆ ಮನೆಯಲ್ಲಿ ಎಂದೂ ಆಡಿರಲಿಲ್ಲ. ಆಡಿ ಮುಗಿಸಿ ಬೆನ್ನು ತಿರುಗಿಸಿ, ಲೋಟ ತೆಗೆದುಕೊಂಡು ಸುರಿಯತೊಡಗಿದಳು. ದೊಡ್ಡ ಮೀನು ಸತ್ತಿತ್ತು. ಸಣ್ಣದು ಉಳಿಯುವ ಭರವಸೆಯಿರಲಿಲ್ಲ. ಅಣ್ಣ ಹೊರಟರೆ ಬಾಗಿಲ ಸದ್ದಾಗಬೇಕು ಎಂದು ಬೆನ್ನನ್ನೇ ಕಿವಿ ಮಾಡಿಕೊಂಡು ಸುರಿದಳು.

ಸದ್ದಾಗಲಿಲ್ಲ. ತಡೆಯಲಾಗದೆ ತಿರುಗಿದಾಗ ಅಪ್ಪ ಬರಿಗಾಲಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಅಣ್ಣ ಅವರ ಮುಂದೆ ನೆಲದ ಮೇಲೆ ಕೂತಿದ್ದ. ಬಿಚ್ಚಿದ ಎರಡೂ ಚಪ್ಪಲಿ ಅವನ ಮಡಿಲಲ್ಲಿದ್ದವು. ಏನೋ ಹೇಳಲು ಬಾಯಿ ತೆರೆಯುತ್ತಿದ್ದ, ಯಾವ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು ಹೆದರಿ, ಮತ್ತೆ ಮುಚ್ಚಿಕೊಳ್ಳುತ್ತಿದ್ದ.